ಸಂಬಳ ಸಹಿತ ರಜೆ: ಲೆಕ್ಕ ಇಡುವುದು, ಉಳಿಸುವುದು, ನಗದು ಪಡೆಯುವುದು ಹೇಗೆ?

ಗಳಿಕೆ ರಜೆ ಎಂದರೆ ಆಗಲೇ ದುಡಿದು ಮುಗಿಸಿದ ದಿನಗಳಿಗೆ ಸಲ್ಲಬೇಕಾದ ಕೂಲಿಯ ಒಂದು ಪಾಲು. ಇಪ್ಪತ್ತು ದಿನ ದುಡಿದವರಿಗೆ ಇಪ್ಪತ್ತೊಂದು ದಿನದ ಸಂಬಳ ಬಾಕಿ ಇರುತ್ತದೆ. ಆ ಒಂದು ದಿನವನ್ನು ಇವತ್ತು ಕೊಡದಿದ್ದರೆ ಅದು ಮಾಲೀಕರ ಲೆಕ್ಕದಲ್ಲಿ ಬಾಕಿಯಾಗಿ ಕೂರುತ್ತದೆ, ನೌಕರ ಕೆಲಸ ಬಿಡುವ ದಿನ ಒಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ. ಇಷ್ಟನ್ನು ಎರಡೂ ಕಡೆಯವರು ಒಪ್ಪಿಕೊಂಡರೆ ರಜೆಯ ಜಗಳದಲ್ಲಿ ಮುಕ್ಕಾಲು ಪಾಲು ಬಗೆಹರಿದಂತೆ. ಉಳಿದದ್ದು ಪುಸ್ತಕ ಇಡುವ ಕೆಲಸ. ಕರ್ನಾಟಕದ ಅಂಗಡಿ, ಹೋಟೆಲ್, ಕಚೇರಿ ಮತ್ತು ಸಣ್ಣ ಕಾರ್ಖಾನೆಗಳಲ್ಲಿ ಅದನ್ನು ಹೇಗೆ ಮಾಡಬೇಕು ಎಂಬುದು ಇಲ್ಲಿದೆ.

ಮೊದಲು: ನಿಮಗೆ ಯಾವ ಕಾನೂನು?

ಅಂಗಡಿ, ಹೋಟೆಲ್, ಖಾಸಗಿ ಕಚೇರಿ, ಐಟಿ ಕಂಪನಿ ಎಲ್ಲವೂ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿಯಲ್ಲಿ ಬರುತ್ತವೆ. ಕಾರ್ಖಾನೆಗಳಿಗೆ ಬಹುಕಾಲ ಇದ್ದದ್ದು 1948ರ ಕಾರ್ಖಾನೆಗಳ ಕಾಯ್ದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, ಅವುಗಳಲ್ಲಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಈ ಸಂಹಿತೆ ಕಾರ್ಖಾನೆಗಳಿಗಷ್ಟೇ ಸೀಮಿತವಲ್ಲ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಬೇರೆ ಸಂಸ್ಥೆಗಳನ್ನೂ ಮುಟ್ಟುತ್ತದೆ. ಎರಡೂ ಕಾನೂನು ಅನ್ವಯಿಸುವಂತಿದ್ದರೆ, ನೌಕರನಿಗೆ ಯಾವುದು ಹೆಚ್ಚು ಅನುಕೂಲವೋ ಅದನ್ನೇ ಹಿಡಿಯುವುದು ಮಾಲೀಕರಿಗೂ ಕ್ಷೇಮ.

ಆಡಳಿತದ ಹುದ್ದೆಯಲ್ಲಿರುವವರು ಒಂದು ವಿಷಯ ಗಮನಿಸಬೇಕು. ಅಂಗಡಿ ಕಾಯ್ದೆ ಅವರನ್ನು ಹೊರಗಿಡುತ್ತದೆ. ಸಂಹಿತೆಯ ‘ಕೆಲಸಗಾರ’ ಎಂಬ ವ್ಯಾಖ್ಯೆಯೊಳಗೂ ಮ್ಯಾನೇಜರ್‌ಗಳು ಬರುವುದಿಲ್ಲ. ಮೇಲ್ವಿಚಾರಕರಾಗಿ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಬರುವುದಿಲ್ಲ. ಇವರ ರಜೆ ನಿಂತಿರುವುದು ನೇಮಕಾತಿ ಪತ್ರದ ಮೇಲೆ. ಆದ್ದರಿಂದ ಆ ಪತ್ರದಲ್ಲಿ ರಜೆಯ ದಿನ, ಮುಂದಕ್ಕೆ ಸಾಗಿಸುವ ಮಿತಿ, ನಗದೀಕರಣದ ದರ ಈ ಮೂರೂ ಅಕ್ಷರದಲ್ಲಿ ಇವೆಯೇ ಎಂದು ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು.

ನಾಲ್ಕು ಖಾತೆಗಳನ್ನು ಬೆರೆಸಬೇಡಿ

ರಜೆ ಪುಸ್ತಕ ಕೆಡುವುದು ಎಲ್ಲವನ್ನೂ ‘ಲೀವ್’ ಎಂಬ ಒಂದೇ ಕಾಲಂಗೆ ತುಂಬಿದಾಗ. ವಾರದ ರಜೆ ಒಂದು ಖಾತೆ. ಅದಕ್ಕೆ ಸಂಬಳ ಕಡಿಯುವಂತಿಲ್ಲ, ಅದನ್ನು ಬೇರೆ ಯಾವ ರಜೆಯಲ್ಲೂ ಸರಿದೂಗಿಸುವಂತಿಲ್ಲ. ಎರಡನೆಯದು ರಾಷ್ಟ್ರೀಯ ಮತ್ತು ಹಬ್ಬದ ರಜೆ. ಮೂರನೆಯದು ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ಸಿಗುವ ರಜೆ, ಅಂಗಡಿ ಕಾಯ್ದೆಯಲ್ಲಿ ಇದು ವರ್ಷಕ್ಕೆ 12 ದಿನ. ನಾಲ್ಕನೆಯದು ಗಳಿಕೆ ರಜೆ, ಅಂದರೆ ದುಡಿದ ಪ್ರತಿ 20 ದಿನಕ್ಕೆ ಒಂದು.

ಹಬ್ಬದ ರಜೆಗೆ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆಯೇ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಜೊತೆಗೆ ಐದು ಹಬ್ಬ. ಒಟ್ಟು ಹತ್ತು. ದಾವಣಗೆರೆಯಲ್ಲೋ ಚಿಕ್ಕಪೇಟೆಯಲ್ಲೋ ಬಟ್ಟೆ ಅಂಗಡಿ ನಡೆಸುವವರು ದೀಪಾವಳಿಗೆ ಬಾಗಿಲು ಹಾಕಲಾರರು. ಹಾಕಬೇಕೆಂದೂ ಇಲ್ಲ. ಆದರೆ ರಜೆ ಎಂದು ಘೋಷಿಸಿದ ದಿನ ದುಡಿಸಿದರೆ ಅಂದಿನ ಸಂಬಳ ಎರಡರಷ್ಟು ಕೊಡಬೇಕು, ಇಲ್ಲವೇ ಅಂದಿನ ಸಂಬಳದ ಜೊತೆಗೆ ಇನ್ನೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ತಿಂಗಳ ಸಂಬಳದವರಿಗೆ ಒಂದು ದಿನದ್ದು ಆಗಲೇ ಸಂಬಳದೊಳಗೆ ಸೇರಿರುತ್ತದೆ. ಹಾಗಾಗಿ ದಿನಕ್ಕೆ 800 ರೂಪಾಯಿ ಬೀಳುವವರಿಗೆ ಆ ತಿಂಗಳು 800 ಹೆಚ್ಚುವರಿಯಾಗಿ ಸಿಗಬೇಕು. ಸಂಜೆ ಸಿಹಿ ಪೊಟ್ಟಣ ಕೊಟ್ಟು ಕಳಿಸಿದರೆ ಈ ಲೆಕ್ಕ ಚುಕ್ತಾ ಆಗುವುದಿಲ್ಲ.

ಗಳಿಕೆ ರಜೆಯ ಲೆಕ್ಕ

ವಾರಕ್ಕೆ ಆರು ದಿನ ನಡೆಯುವ ಅಂಗಡಿ ಎಂದುಕೊಳ್ಳಿ. 365 ದಿನದಲ್ಲಿ 52 ವಾರದ ರಜೆ, 10 ಹಬ್ಬದ ರಜೆ ತೆಗೆದರೆ 303. ನೌಕರ 12 ದಿನ ಕಾಯಿಲೆ ಮತ್ತು ಸಾಂದರ್ಭಿಕ ರಜೆ, 5 ದಿನ ಹಿಂದಿನ ಗಳಿಕೆ ರಜೆ ತೆಗೆದುಕೊಂಡಿದ್ದಾರೆ. ಉಳಿದದ್ದು 286. ಅದನ್ನು 20ರಿಂದ ಭಾಗಿಸಿದರೆ 14.3, ಅಂದರೆ 14 ದಿನ. ಅದೇ ವ್ಯಕ್ತಿ ಇನ್ನು ನಾಲ್ಕು ದಿನ ಹೆಚ್ಚು ಕೆಲಸ ಮಾಡಿದ್ದರೆ 290, ಭಾಗಿಸಿದರೆ 14.5. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೂರ್ತಿ ಒಂದು ದಿನ ಎಂದು ಎಣಿಸಬೇಕು ಎನ್ನುವುದು ಕಾರ್ಖಾನೆ ಕಾನೂನಿನ ನಿಯಮ, ಆಗ 15 ದಿನ. ಅಂಗಡಿಗಳೂ ಇದನ್ನೇ ಪಾಲಿಸಿದರೆ ತಕರಾರು ಉಳಿಯುವುದಿಲ್ಲ.

ವಾರಕ್ಕೆ ಐದೇ ದಿನ ಕೆಲಸವಿರುವ ಕಚೇರಿಯಲ್ಲಿ 104 ಶನಿವಾರ, ಭಾನುವಾರ ಮತ್ತು 10 ಹಬ್ಬ ಕಳೆದರೆ 251 ದಿನ ಮಾತ್ರ. ಒಂದು ದಿನವೂ ತಪ್ಪಿಸದೆ ಬಂದವರಿಗೂ ಕಾನೂನಿನ ಕನಿಷ್ಠ ಹನ್ನೆರಡೂವರೆಯ ಆಸುಪಾಸು. ಕಂಪನಿಗಳು 18, 20 ಎಂದು ಕೊಡುವುದು ಈ ಕನಿಷ್ಠದ ಮೇಲೆ. ಒಮ್ಮೆ ನೇಮಕಾತಿ ಪತ್ರದಲ್ಲಿ ಬರೆದುಕೊಟ್ಟ ಮೇಲೆ ‘ಕಾನೂನಿನಲ್ಲಿ ಅಷ್ಟಿಲ್ಲ’ ಎಂದು ಹಿಂದಕ್ಕೆ ಸರಿಯುವಂತಿಲ್ಲ.

ಕಾರ್ಖಾನೆಗಳಲ್ಲಿ ಅರ್ಹತೆಯ ಮಿತಿ ಬದಲಾಗಿದೆ, ಇದು ನಿಜವಾಗಿ ದೊಡ್ಡ ಬದಲಾವಣೆ. ಮೊದಲು ವರ್ಷದಲ್ಲಿ 240 ದಿನ ದುಡಿದವರಿಗೆ ಮಾತ್ರ ಗಳಿಕೆ ರಜೆ. ಸಂಹಿತೆಯಲ್ಲಿ 180 ದಿನ ಸಾಕು. ವರ್ಷದ ನಡುವೆ ಸೇರಿದವರು, ಆರ್ಡರ್ ಬಂದಾಗ ಮಾತ್ರ ಕರೆಸಿಕೊಳ್ಳುವ ಗಾರ್ಮೆಂಟ್ ಮತ್ತು ಬಿಡಿಭಾಗ ಘಟಕಗಳ ಕೆಲಸಗಾರರು ಹಿಂದೆ 210, 220ಕ್ಕೆ ಬಂದು ತಪ್ಪಿಹೋಗುತ್ತಿದ್ದರು. ಲೇ-ಆಫ್ ದಿನ (ಕೆಲಸವಿಲ್ಲವೆಂದು ಮಾಲೀಕರೇ ಕೂರಿಸಿದ ದಿನ), ಹೆರಿಗೆ ರಜೆ, ಹಿಂದಿನ ವರ್ಷದ ಗಳಿಕೆ ರಜೆಯಲ್ಲಿ ಕಳೆದ ದಿನ, ಇವು ಅರ್ಹತೆಯ ಎಣಿಕೆಗೆ ಸೇರುತ್ತವೆ. ಆದರೆ ಆ ದಿನಗಳಿಂದ ಹೊಸ ರಜೆ ಹುಟ್ಟುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ‘ಅರ್ಹತೆಗೆ ದಿನ’ ಮತ್ತು ‘ಗಳಿಕೆಗೆ ದಿನ’ ಎಂದು ಎರಡು ಕಾಲಂ ಇರಲೇಬೇಕು. ಇದನ್ನು ಒಂದೇ ಕಾಲಂನಲ್ಲಿ ಹಾಕಿದ ಕಡೆಯೆಲ್ಲ ಬಾಣಂತಿಯರ ಲೆಕ್ಕ ತಪ್ಪಿರುತ್ತದೆ.

ರಜೆ ಕೇಳುವುದು, ಕೊಡುವುದು, ನಿರಾಕರಿಸುವುದು

ಬಾಯಿಮಾತಿನಲ್ಲಿ ಕೇಳಬೇಡಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಇರಲಿ, ಇ-ಮೇಲ್ ಇನ್ನೂ ಒಳ್ಳೆಯದು. ಹದಿನೈದು ದಿನ ಮೊದಲೇ ಕೇಳುವುದು ಕಾರ್ಖಾನೆಗಳ ಹಳೆಯ ರೂಢಿ, ಎಲ್ಲ ಕಡೆಗೂ ಸರಿಹೊಂದುವ ಅಳತೆ. ಊರ ಜಾತ್ರೆ, ಮದುವೆ, ಬಿತ್ತನೆ ಇವುಗಳ ದಿನ ಮೊದಲೇ ಗೊತ್ತಿರುತ್ತದೆ. ಯುಗಾದಿ ಕಳೆದ ಕೂಡಲೇ ಎಲ್ಲರಿಂದ ವರ್ಷದ ದೊಡ್ಡ ರಜೆಯ ದಿನಾಂಕ ಬರೆಸಿಕೊಂಡರೆ ಮಾಲೀಕರಿಗೆ ಬದಲಿ ಆಳು ಹುಡುಕಲು ಸಮಯ ಸಿಗುತ್ತದೆ.

ಬರವಣಿಗೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬಳಸದೆ ಉಳಿದ ಗಳಿಕೆ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಮಿತಿಯಿದೆ. ಅಂಗಡಿ ಕಾಯ್ದೆಯಲ್ಲಿ ಇದು ಮೊದಲು 30 ದಿನ ಇತ್ತು, ತಿದ್ದುಪಡಿಯಾಗಿ ಈಗ 45 ದಿನ. ಕಾರ್ಖಾನೆಗಳಲ್ಲಿ 30 ದಿನ. ಆದರೆ ಕೆಲಸಗಾರ ಅರ್ಜಿ ಕೊಟ್ಟು, ಮಾಲೀಕರು ನಿರಾಕರಿಸಿದ ರಜೆಗೆ ಈ 30ರ ಮಿತಿ ಅನ್ವಯಿಸುವುದಿಲ್ಲ, ಅದು ಎಷ್ಟಾದರೂ ಮುಂದಕ್ಕೆ ಹೋಗುತ್ತದೆ. ಅರ್ಜಿಯ ಪ್ರತಿ ಇಲ್ಲದಿದ್ದರೆ ‘ನೀವು ಕೇಳಲೇ ಇಲ್ಲ’ ಎಂಬ ಒಂದು ಮಾತಿಗೆ ಹತ್ತು ದಿನದ ಸಂಬಳ ಹೋಗುತ್ತದೆ. ಸಂಹಿತೆಯ ಪ್ರಕಾರ 30 ಮೀರಿದ ದಿನಗಳನ್ನು ನಗದು ಮಾಡಿಸಿಕೊಳ್ಳಬಹುದು, ವರ್ಷದ ಕೊನೆಗೆ ಬೇಡಿಕೆ ಇಟ್ಟು ನಗದು ಪಡೆಯುವ ಹಕ್ಕೂ ಇದೆ.

ಇನ್ನೊಂದು ಸಾಮಾನ್ಯ ತಪ್ಪು ‘ಸ್ಯಾಂಡ್‌ವಿಚ್’ ನಿಯಮ. ಶನಿವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ಸೇರಿಸಿ ಮೂರು ದಿನ ಕಡಿಯುವ ಪದ್ಧತಿ ಹಲವು ಕಡೆ ಇದೆ. ಗಳಿಕೆ ರಜೆಯ ನಡುವೆ ಬರಲಿ, ತುದಿಗೆ ಬರಲಿ, ವಾರದ ಮತ್ತು ಹಬ್ಬದ ರಜೆಗಳನ್ನು ಅದರೊಳಗೆ ಎಣಿಸುವಂತಿಲ್ಲ ಎಂದು ಕಾರ್ಖಾನೆ ಕಾನೂನು ನೇರವಾಗಿ ಹೇಳುತ್ತದೆ. ಕಡಿಯಬೇಕಾದದ್ದು ಎರಡೇ ದಿನ.

ಕಾಯಿಲೆ, ಹೆರಿಗೆ, ಮುಟ್ಟು

ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುತ್ತಾರೆ. ನೌಕರರ ಪಾಲು ಶೇ 0.75, ಮಾಲೀಕರದು ಶೇ 3.25. ಉದ್ದದ ಕಾಯಿಲೆಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ನಗದು ಸಿಗುತ್ತದೆ. ಟೈಫಾಯಿಡ್‌ಗೋ ಶಸ್ತ್ರಚಿಕಿತ್ಸೆಗೋ ತಿಂಗಳುಗಟ್ಟಲೆ ಮಲಗಿದವರ ಗಳಿಕೆ ರಜೆಯನ್ನೆಲ್ಲ ಮುಗಿಸಿ, ಆಮೇಲೆ ಸಂಬಳವಿಲ್ಲದ ರಜೆಗೆ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ. ಅವರು ಪ್ರತಿ ತಿಂಗಳು ಕಟ್ಟಿದ ವಂತಿಗೆ ಇರುವುದೇ ಇಂಥ ದಿನಕ್ಕೆ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಹೆರಿಗೆಗೆ ಮೊದಲು ಗರಿಷ್ಠ 8 ವಾರ ತೆಗೆದುಕೊಳ್ಳಬಹುದು. ಎರಡು ಮಕ್ಕಳಿದ್ದ ಮೇಲೆ 12 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಗರ್ಭಪಾತವಾದರೆ 6 ವಾರ. ಇಎಸ್‌ಐ ಇದ್ದರೆ ಹಣ ಅಲ್ಲಿಂದ ಬರುತ್ತದೆ, ಇಲ್ಲದಿದ್ದರೆ ಮಾಲೀಕರೇ ಕೊಡಬೇಕು. ಇದರಿಂದ ಗಳಿಕೆ ರಜೆಯ ಒಂದು ದಿನವನ್ನೂ ಕಡಿಯುವಂತಿಲ್ಲ.

ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು, ಅದು ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಆ ತಿಂಗಳ ರಜೆ ಆ ತಿಂಗಳಿಗೇ, ಮುಂದಕ್ಕೆ ಸೇರಿಸುವಂತಿಲ್ಲ, ವೈದ್ಯರ ಚೀಟಿ ಕೇಳುವಂತಿಲ್ಲ. ಇದಕ್ಕೂ ಪ್ರತ್ಯೇಕ ಕಾಲಂ ಇಡಿ.

ನಗದು ಮಾಡುವಾಗ ದಿನಕ್ಕೆ ಎಷ್ಟು?

ಹೆಚ್ಚು ಹಣ ಸೋರುವುದು ಇಲ್ಲೇ. ತಿಂಗಳ ಸಂಬಳ 26,000 ಎಂದುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 867, 26ರಿಂದ ಭಾಗಿಸಿದರೆ 1,000. 30 ದಿನದ ಬಾಕಿಗೆ ಒಂದರಲ್ಲಿ 26,000, ಇನ್ನೊಂದರಲ್ಲಿ 30,000. 1948ರ ಕಾಯ್ದೆ ರಜೆ ಸಂಬಳವನ್ನು ಹಿಂದಿನ ತಿಂಗಳು ನಿಜವಾಗಿ ಕೆಲಸ ಮಾಡಿದ ದಿನಗಳ ಸರಾಸರಿಯಿಂದ ಲೆಕ್ಕ ಹಾಕಿಸುತ್ತಿತ್ತು. ವಾರಕ್ಕೆ ಆರು ದಿನದ ಕೆಲಸದಲ್ಲಿ ಅದು 26ಕ್ಕೇ ಹತ್ತಿರ. ಗಳಿಕೆ ರಜೆ ಕೆಲಸದ ದಿನಗಳಿಗೆ ಮಾತ್ರ ಕಡಿತವಾಗುವುದರಿಂದ 26ರಿಂದ ಭಾಗಿಸುವುದೇ ನ್ಯಾಯ.

ಎರಡನೆಯ ಸೋರಿಕೆ ಮೂಲ ವೇತನದ್ದು. ಒಟ್ಟು 40,000ದಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ಮಾತ್ರ, ಉಳಿದ 28,000 ಬಗೆಬಗೆಯ ಭತ್ಯೆ ಎಂದು ತೋರಿಸಿ, 12,000ದ ಮೇಲೆ ರಜೆಯ ಹಣ ಕೊಡುವುದು ರೂಢಿ. ಹೊಸ ಸಂಹಿತೆಗಳ ‘ವೇತನ’ದ ವ್ಯಾಖ್ಯೆಯಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ಮತ್ತೆ ವೇತನಕ್ಕೇ ಸೇರುತ್ತದೆ. ಇಲ್ಲಿ 20,000ಕ್ಕಿಂತ ಹೆಚ್ಚಿರುವ 8,000 ಸೇರಿ ವೇತನ 20,000 ಆಗುತ್ತದೆ.

ಮಾಲೀಕರು ಪ್ರತಿ ಮಾರ್ಚ್‌ಗೆ ಬಾಕಿಯನ್ನು ಹಣದಲ್ಲಿ ಕಾಣಬೇಕು. 12 ಜನ, ತಲಾ 20 ದಿನ, ದಿನಕ್ಕೆ 800 ಎಂದರೆ 1,92,000 ರೂಪಾಯಿ. ಅದನ್ನು ಲೆಕ್ಕಪತ್ರದಲ್ಲಿ ಹೊಣೆಯಾಗಿ ತೋರಿಸಿ. ಆದಾಯ ತೆರಿಗೆಯಲ್ಲಿ ಈ ವೆಚ್ಚ ಕಳೆಯಲು ಸಿಗುವುದು ಹಣ ನಿಜವಾಗಿ ಪಾವತಿಯಾದ ಮೇಲೆ ಮಾತ್ರ.

ನೌಕರರ ತೆರಿಗೆ ಹೀಗೆ: ಕೆಲಸದಲ್ಲಿ ಇರುವಾಗಲೇ ರಜೆ ನಗದು ಮಾಡಿಸಿಕೊಂಡರೆ ಪೂರ್ತಿ ಮೊತ್ತಕ್ಕೆ ತೆರಿಗೆ. ನಿವೃತ್ತಿ ಅಥವಾ ರಾಜೀನಾಮೆಯ ಸಮಯದಲ್ಲಿ ಬಂದರೆ ಖಾಸಗಿ ನೌಕರರಿಗೆ ಜೀವಮಾನದಲ್ಲಿ ಒಟ್ಟು 25 ಲಕ್ಷದವರೆಗೆ ವಿನಾಯಿತಿ. 2023ಕ್ಕೆ ಮೊದಲು ಇದು 3 ಲಕ್ಷ ಇತ್ತು. ಕೈಗೆ ಬಂದ ಮೊತ್ತ, ಹತ್ತು ತಿಂಗಳ ಸರಾಸರಿ ವೇತನ, ಸೇವೆಯ ವರ್ಷಕ್ಕೆ 30 ದಿನದಂತೆ ಲೆಕ್ಕ ಹಾಕಿದ ಬಾಕಿ ರಜೆಯ ಮೌಲ್ಯ, ಈ 25 ಲಕ್ಷ, ಇವುಗಳಲ್ಲಿ ಕಡಿಮೆಯದಕ್ಕೆ ವಿನಾಯಿತಿ. ಇಲ್ಲಿ ವೇತನವೆಂದರೆ ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ. ಕೆಲಸ ಬಿಡುವ ಯೋಚನೆಯಲ್ಲಿರುವವರು ಎರಡು ತಿಂಗಳು ಮೊದಲು ರಜೆ ನಗದು ಮಾಡಿಸಿಕೊಳ್ಳುವುದು ಕೈಯಾರೆ ತೆರಿಗೆ ಕಟ್ಟಿದಂತೆ.

ಕೆಲಸ ಬಿಡುವಾಗ

ಕಾರ್ಖಾನೆಗಳಲ್ಲಿ ವಜಾ ಆದವರಿಗೂ ತಾವಾಗಿ ಬಿಟ್ಟವರಿಗೂ ಬಾಕಿ ರಜೆಯ ಹಣವನ್ನು ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕು. ಅರ್ಹತೆಯ ದಿನ ತುಂಬಿರದಿದ್ದರೂ ದುಡಿದಷ್ಟು ದಿನದ ರಜೆಗೆ ಹಣ ಸಲ್ಲುತ್ತದೆ. ಕೆಲಸಗಾರ ತೀರಿಕೊಂಡರೆ ವಾರಸುದಾರರಿಗೆ ಎರಡು ತಿಂಗಳೊಳಗೆ. ‘ಮುಂದಿನ ಸಂಬಳದ ಸುತ್ತಿನಲ್ಲಿ ನೋಡೋಣ’ ಎನ್ನುವುದಕ್ಕೆ ಅವಕಾಶವಿಲ್ಲ.

ಪೋರ್ಟಲ್‌ನಲ್ಲಿ ರಜೆ ನೋಡುವವರು ರಾಜೀನಾಮೆ ಕಳಿಸುವ ಮೊದಲೇ ಬಾಕಿ ರಜೆಯ ಪುಟವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ, ಕೊನೆಯ ದಿನ ಲಾಗಿನ್ ಮುಚ್ಚಿಹೋಗುತ್ತದೆ. ಹಣ ಬರದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಜೊತೆಗೆ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಬಾಕಿ ರಜೆಯ ಪುಟ, ನಿರಾಕರಿಸಿದ ಅರ್ಜಿಗಳ ಪ್ರತಿ, ರಾಜೀನಾಮೆ ಸ್ವೀಕೃತಿ ಇರಲಿ. ನಿಮ್ಮ ಲೆಕ್ಕದ ಪ್ರಕಾರ ಎಷ್ಟು ದಿನ, ದಿನಕ್ಕೆ ಎಷ್ಟು, ಒಟ್ಟು ಎಷ್ಟು ಎಂಬುದನ್ನು ದೂರಿನ ಮೊದಲ ಪುಟದಲ್ಲೇ ಬರೆದು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ.