ಶನಿವಾರ ಹಾಲ್ ಬುಕ್ ಮಾಡೋ ಮುಂಚೆ ಓದಿ: ಅಮೆರಿಕದ ಕಾಲೇಜ್ ಫುಟ್‌ಬಾಲು, ಅದರ ದುಡ್ಡು, ಗೆಲ್ಲೋರು ಯಾರು

2024ರಲ್ಲಿ ನಾವು ಕೊಲಂಬಸ್ ಸುತ್ತಮುತ್ತಲಿನ ಕನ್ನಡದವರು ಸೇರಿ ರಾಜ್ಯೋತ್ಸವನ ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ ಇಟ್ಕೊಂಡ್ವಿ. ಎಲ್ರಿಗೂ ರಜಾ, ಮೇಲಿಂದ ಹಾಲ್ ಅಗ್ಗಕ್ಕೆ ಸಿಕ್ತು, ಯಾಕೆ ಅಗ್ಗ ಅಂತ ಒಬ್ರೂ ಕೇಳಲಿಲ್ಲ. ಆಮೇಲೆ ಗೊತ್ತಾಯ್ತು, ಅವತ್ತು ಮಧ್ಯಾಹ್ನ 12ಕ್ಕೆ ಓಹಾಯೋ ಸ್ಟೇಟ್ ಮತ್ತೆ ಮಿಷಿಗನ್ ಯೂನಿವರ್ಸಿಟಿಗಳ ಫುಟ್‌ಬಾಲ್ ಮ್ಯಾಚು, ಅದೂ ನಮ್ಮೂರಲ್ಲೇ. ಸ್ಟೇಡಿಯಂ ಒಳಗೇ ಒಂದು ಲಕ್ಷಕ್ಕಿಂತ ಜಾಸ್ತಿ ಜನ, ಹೊರಗೆ ಎಷ್ಟೋ. ಬಿಸಿಬೇಳೆ ಬಾತ್ ತರ್ತಿದ್ದ ಗಾಡಿ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಮೂರೂವರೆಗೆ ಬಂತು, ಅಷ್ಟೊತ್ತಿಗೆ ಮಕ್ಕಳೆಲ್ಲ ಚಿಪ್ಸ್ ತಿಂದು ಹೊಟ್ಟೆ ತುಂಬಿಸ್ಕೊಂಡಿದ್ರು, ಭುವನೇಶ್ವರಿ ವೇಷ ಹಾಕಿದ್ದ ಹುಡುಗಿ ಕಿರೀಟದ ಸಮೇತ ಅಮ್ಮನ ತೊಡೆ ಮೇಲೆ ನಿದ್ದೆ.

ಆ ವಾರ ಇಲ್ಲಿ ಕ್ಯಾಂಪಸ್ಸಲ್ಲಿ ಒಂದು ಸುತ್ತು ಹಾಕಿದ್ರೆ ಸಾಕಿತ್ತು, ಮೊದಲೇ ಗೊತ್ತಾಗ್ತಿತ್ತು. ಬೋರ್ಡುಗಳ ಮೇಲೆ 'ಎಂ' ಅಕ್ಷರ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಂಪು ಟೇಪಲ್ಲಿ ಕಾಟು ಹೊಡೆದಿರ್ತಾರೆ, ಯಾಕಂದ್ರೆ ಅದು ಮಿಷಿಗನ್ನಿನ ಅಕ್ಷರ. ಓದೋ ಹುಡುಗ್ರು ಮಾತ್ರ ಅಲ್ಲ, ಪಕ್ಕದ ಮನೆ ಅರವತ್ತು ದಾಟಿದ ಅಜ್ಜನೂ ಅಷ್ಟೇ ಸೀರಿಯಸ್ಸು.

ಹೊಸದಾಗಿ ಬಂದೋರು ನನ್ನ ಕೇಳೋ ಪ್ರಶ್ನೆ ಒಂದೇ, ಇದು ಕಾಲೇಜು ಹುಡುಗರ ಆಟ ತಾನೇ, ಇಷ್ಟ್ಯಾಕೆ? ಕಾಲೇಜು ಅನ್ನೋ ಪದ ನೋಡಿ ಮೋಸ ಹೋಗಬೇಡಿ. ಹೈಸ್ಕೂಲ್ ಮುಗಿಸಿ ಮೂರು ವರ್ಷ ಆಗೋವರೆಗೂ ಎನ್ಎಫ್ಎಲ್ ಅನ್ನೋ ದೊಡ್ಡ ಪ್ರೊಫೆಷನಲ್ ಲೀಗಿನ ಒಳಗೆ ಬಿಟ್ಕೊಳ್ಳಲ್ಲ, ಮಧ್ಯದಲ್ಲಿ ಆಡೋಕೆ ಬೇರೆ ಲೀಗೂ ಅಂತ ಗಟ್ಟಿಯಾದದ್ದು ಇಲ್ಲ, ಹಾಗಾಗಿ ಯೂನಿವರ್ಸಿಟಿನೇ ಅವರ ಕ್ಲಬ್ಬು. ಮೇಲಿನ ದರ್ಜೆಯಲ್ಲಿ 2025ರಲ್ಲಿ 136 ಟೀಮ್ ಇದ್ವು. ಅವೆಲ್ಲ ಕಾನ್ಫರೆನ್ಸ್ ಅಂತ ಗುಂಪು ಕಟ್ಟಿಕೊಂಡು ಆಡ್ತಾವೆ. ಟಿವಿ ದುಡ್ಡು ಬರೋದು ಕಾನ್ಫರೆನ್ಸಿಗೆ, ಆಮೇಲೆ ಒಳಗೊಳಗೇ ಹಂಚಿಕೊಳ್ತಾರೆ. ಇದೊಂದು ತಲೇಲಿಟ್ಕೊಳ್ಳಿ, ಮಿಕ್ಕಿದ್ದು ತಾನಾಗೇ ಬಿಡಿಸ್ಕೊಳ್ಳುತ್ತೆ.

ಮೊದಲು ಟಿವಿ ಹಕ್ಕನ್ನ ಎನ್‌ಸಿಎಎ ಅನ್ನೋ ಮೇಲಿನ ಸಂಸ್ಥೆ ತನ್ನ ಮುಷ್ಟೀಲಿ ಇಟ್ಕೊಂಡಿತ್ತು, ಯಾವ ಟೀಮು ಎಷ್ಟು ಸಲ ಟಿವೀಲಿ ಬರಬೇಕು ಅಂತ ಅವರೇ ಹೇಳೋರು. ಒಕ್ಲಹೋಮಾ, ಜಾರ್ಜಿಯಾ ಯೂನಿವರ್ಸಿಟಿ ಎರಡೂ ಸೇರಿ ಕೇಸ್ ಹಾಕಿ 1984ರಲ್ಲಿ ಸುಪ್ರೀಂ ಕೋರ್ಟಲ್ಲಿ ಗೆದ್ದವು, ಅಲ್ಲಿಂದ ಅವರವರ ದಾರಿ ಅವರಿಗೆ. ಇವತ್ತು ಬಿಗ್ ಟೆನ್ ಅನ್ನೋ ಕಾನ್ಫರೆನ್ಸು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡ್ಕೊಂಡಿರೋ ಏಳು ವರ್ಷದ ಒಪ್ಪಂದ 700 ಕೋಟಿ ಡಾಲರ್ ಮೇಲೆ. ಹೌದು ಡಾಲರ್, ರೂಪಾಯಿ ಅಲ್ಲ. ಅಂದಹಾಗೆ ಹೆಸರು ಬಿಗ್ ಟೆನ್, ಟೀಮು 18. ಬಿಗ್ 12 ಅನ್ನೋದರಲ್ಲಿ 16. ಲೆಕ್ಕ ಕೇಳಬೇಡಿ.

ರೀಅಲೈನ್‌ಮೆಂಟ್, ಅಂದ್ರೆ ಟೀಮುಗಳು ಕಾನ್ಫರೆನ್ಸ್ ಬದಲಾಯಿಸೋದು, ಅಂತ ಎಲ್ಲಾ ಕಡೆ ಕಿವಿಗೆ ಬೀಳುತ್ತಲ್ಲ, ಅದನ್ನ ನಮ್ಮ ಲೆಕ್ಕದಲ್ಲಿ ಹೇಳ್ತೀನಿ. ಹಿಂದೆ ರಣಜಿ ಜೋನ್ ಪ್ರಕಾರ ಆಡ್ತಿದ್ರು ನೆನಪಿದ್ಯಾ, ಸೌತ್ ಜೋನಲ್ಲಿ ನಾವು, ತಮಿಳುನಾಡು, ಹೈದರಾಬಾದು, ಕೇರಳ, ಆಂಧ್ರ, ಗೋವಾ. ಈಗ ಕರ್ನಾಟಕದೋರು ಒಂದಿನ ಬೆಳಿಗ್ಗೆ ಎದ್ದು, ಮುಂಬೈ ಕಡೆ ಟಿವಿ ದುಡ್ಡು ಜಾಸ್ತಿ, ನಾವು ವೆಸ್ಟ್ ಜೋನ್ ಸೇರ್ತೀವಿ ಅಂದ್ರೆ? ಹಿಂದೇನೇ ತಮಿಳುನಾಡು, ಮಿಕ್ಕೋರೂ ಹೊರಟ್ರೆ? ಗೋವಾ ಒಂದೇ ಉಳಿದು ಯಾರ ಜೊತೆ ಆಡಬೇಕು? ಇಲ್ಲಿ ಆಗಿದ್ದು ಥೇಟ್ ಅದೇ. 2021ರಲ್ಲಿ ಟೆಕ್ಸಸ್, ಒಕ್ಲಹೋಮಾ ಬಿಗ್ 12 ಬಿಟ್ಟು ದಕ್ಷಿಣದ ಎಸ್ಇಸಿ ಅನ್ನೋ ಕಾನ್ಫರೆನ್ಸಿಗೆ ಹೋಗ್ತೀವಿ ಅಂದ್ರು. ಮುಂದಿನ ವರ್ಷ ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್ಎ ಎರಡೂ ಬಿಗ್ ಟೆನ್ ಕಡೆಗೆ. 1915ರಿಂದ ಬೇರು ಇದ್ದ ಪ್ಯಾಕ್-12 2023ರ ಬೇಸಿಗೆ ಮುಗಿಯೋಷ್ಟರಲ್ಲಿ ಖಾಲಿ: ಕೊಲರಾಡೊ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ, ಒರೆಗಾನ್ ಮತ್ತೆ ವಾಷಿಂಗ್ಟನ್ ಕಮ್ಮಿ ಪಾಲು ಕೊಟ್ರೂ ಪರವಾಗಿಲ್ಲ ಅಂತ ಬಿಗ್ ಟೆನ್ನಿಗೆ, ಕೊನೆಗೆ ಸ್ಟ್ಯಾನ್‌ಫರ್ಡ್ ಮತ್ತೆ ಬರ್ಕ್ಲಿಯ ಕ್ಯಾಲ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ. ಪೆಸಿಫಿಕ್ ದಡದಲ್ಲಿ ಕೂತಿರೋರು ಅಟ್ಲಾಂಟಿಕ್ ಕೋಸ್ಟಿಗೆ! ಕೊನೆಗೆ ಗೂಡಲ್ಲಿ ಉಳಿದಿದ್ದು ಎರಡೇ, ಒರೆಗಾನ್ ಸ್ಟೇಟ್ ಮತ್ತೆ ವಾಷಿಂಗ್ಟನ್ ಸ್ಟೇಟ್. ಚಿಕ್ಕ ಊರು, ಚಿಕ್ಕ ಟಿವಿ ಮಾರ್ಕೆಟ್ಟು, ಅಷ್ಟೇ ಅವರ ತಪ್ಪು.

ಫುಟ್‌ಬಾಲಿನೋರು ವಾರಕ್ಕೊಂದೇ ಮ್ಯಾಚು, ಚಾರ್ಟರ್ ಫ್ಲೈಟಲ್ಲಿ ಹೋಗಿ ಬಂದ್ಬಿಡ್ತಾರೆ. ಅದೇ ಸ್ಕೂಲಿನ (ಇಲ್ಲಿ ಯೂನಿವರ್ಸಿಟಿಗೂ ಸ್ಕೂಲ್ ಅಂತಾರೆ) ವಾಲಿಬಾಲ್, ಸಾಫ್ಟ್‌ಬಾಲ್ ಹುಡುಗೀರ ಕಥೆ ಯೋಚನೆ ಮಾಡಿ. ನ್ಯೂಜೆರ್ಸಿಯ ರಟ್ಗರ್ಸು, ಲಾಸ್ ಏಂಜಲೀಸಿನ ಯುಸಿಎಲ್ಎ ಈಗ ಒಂದೇ ಕಾನ್ಫರೆನ್ಸು, ಅಂದ್ರೆ ಈ ಸಮುದ್ರದಿಂದ ಆ ಸಮುದ್ರಕ್ಕೆ ಹೋಗಿ ಆಡಿ ಬಂದು ಬೆಳಿಗ್ಗೆ ಕೆಮಿಸ್ಟ್ರಿ ಪರೀಕ್ಷೆಗೆ ಕೂರಬೇಕು. ಫುಟ್‌ಬಾಲಿನ ದುಡ್ಡಿಗೋಸ್ಕರ ಇವರಿಗೆ ಯಾಕೆ ಈ ಶಿಕ್ಷೆ ಅಂತ ನನಗಿನ್ನೂ ಅರ್ಥ ಆಗಿಲ್ಲ.

ಇದು ಸ್ಕೂಲುಗಳ ಕಡೆಯ ದುಡ್ಡಾಯ್ತು, ಇನ್ನು ಆಡೋ ಹುಡುಗರದ್ದು. ಮೊದಲು ಅವರಿಗೆ ಸ್ಕಾಲರ್‌ಶಿಪ್ಪು, ಊಟ, ರೂಮು ಬಿಟ್ರೆ ಕೈಗೆ ಬಿಡಿಗಾಸು ಕೊಟ್ರೂ ಅಪರಾಧ. ಡಲ್ಲಾಸಿನ ಎಸ್ಎಂಯು ಕದ್ದುಮುಚ್ಚಿ ದುಡ್ಡು ಕೊಟ್ಟಿದ್ದಕ್ಕೆ 1987ರ ಸೀಜನ್ನನ್ನೇ ರದ್ದು ಮಾಡಿದ್ರು, ಅದಕ್ಕೆ 'ಡೆತ್ ಪೆನಾಲ್ಟಿ' ಅಂತಲೇ ಹೆಸರು. 2021ರ ಜೂನಲ್ಲಿ ಸುಪ್ರೀಂ ಕೋರ್ಟು ಆಲ್ಸ್ಟನ್ ಕೇಸಲ್ಲಿ ಒಂಬತ್ತಕ್ಕೆ ಒಂಬತ್ತೂ ಜಡ್ಜು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ರು, ಹತ್ತೇ ದಿನಕ್ಕೆ, ಜುಲೈ 1ರಿಂದ, ಎನ್ಐಎಲ್ ಶುರು. ಅಂದ್ರೆ ಹುಡುಗನ ಹೆಸರು, ಮುಖ ಬಳಸ್ಕೊಂಡ್ರೆ ಅವನಿಗೆ ದುಡ್ಡು ಕೊಡಬಹುದು. ಕಾಗದದ ಮೇಲೆ ಜಾಹೀರಾತಿನ ದುಡ್ಡು, ನಿಜದಲ್ಲಿ ಸಂಬಳ. ಹಳೇ ವಿದ್ಯಾರ್ಥಿಗಳು, ಸಾಹುಕಾರರು ಸೇರಿ ಕಲೆಕ್ಟಿವ್ ಅಂತ ಮಾಡಿ ಚಂದಾ ಎತ್ತಿ ಹುಡುಗರಿಗೆ ಹಂಚೋದು, ಒಂಥರಾ ಗಣೇಶನ ಚಂದಾ ಇದ್ದಂಗೆ, ರಸೀದಿ ಪುಸ್ತಕ ಮಾತ್ರ ಮಿಲಿಯನ್ನಲ್ಲಿ. ಅದೇ ಎಸ್ಎಂಯು ಈಗ ಏನು ಮಾಡ್ತು ಗೊತ್ತಾ, ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ, ಸೇರಿಸ್ಕೊಂಡ್ರೆ ಸಾಕು ಅಂತ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ ಹೋಯ್ತು, ಹೋದ ಮೊದಲನೇ ವರ್ಷವೇ ಪ್ಲೇಆಫ್, ಅಂದ್ರೆ ಸೀಜನ್ ಕೊನೇಲಿ ಕಪ್ಪಿಗಾಗಿ ಆಡೋ ನಾಕೌಟು, ಮುಟ್ತು. ಡಲ್ಲಾಸಿನ ಸಾಹುಕಾರರು ಹಿಂದೆ ನಿಂತ್ರೆ ಟಿವಿ ಯಾಕೆ ಬೇಕು.

2025ರ ಜೂನಲ್ಲಿ ಹೌಸ್ ಸೆಟಲ್‌ಮೆಂಟ್ ಅನ್ನೋ ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ತು. ಈಗ ಸ್ಕೂಲೇ ನೇರವಾಗಿ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲನೇ ವರ್ಷಕ್ಕೆ ಮಿತಿ 2 ಕೋಟಿ 5 ಲಕ್ಷ ಡಾಲರು, ಎಲ್ಲಾ ಆಟಗಳೂ ಸೇರಿ. ಐಪಿಎಲ್ ಪರ್ಸ್ ಇದ್ದಂಗೆ ಅಲ್ವಾ ಅಂತ ನೀವು ಕೇಳ್ತೀರ, ನಾನೂ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಐಪಿಎಲ್‌ನಲ್ಲಿ ಆರ್‌ಸಿಬಿಗೂ ಪಂಜಾಬಿಗೂ ಪರ್ಸು ಒಂದೇ, ಎಲ್ರ ಮುಂದೆ ಹರಾಜು. ಇಲ್ಲಿ ಮಿತಿ ಮುಟ್ಟೋ ಶಕ್ತಿ ಇರೋದೇ ಕೆಲವರಿಗೆ, ಅದರ ಮೇಲೆ ಹೊರಗಿನ ಎನ್ಐಎಲ್ ದುಡ್ಡು ಬೇರೆ, ಅದಕ್ಕೊಂದು ಪರಿಶೀಲನೆ ಇದೆ ಆದರೆ ಒಟ್ಟು ಇಷ್ಟೇ ಅನ್ನೋ ಗೆರೆ ಇಲ್ಲ. ಹರಾಜು ಇಲ್ಲ, ಟೀಮುಗಳು ಸರದಿ ಪ್ರಕಾರ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟ್ ಇಲ್ಲ, ಹುಡುಗ ತನಗೆ ಬೇಕಾದ ಕಡೆ ಹೋಗ್ತಾನೆ.

ಹೋಗೋದೂ ಈಗ ಸಲೀಸು. ಮುಂಚೆ ಸ್ಕೂಲು ಬದಲಾಯಿಸಿದ್ರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದ್ಸಲ ಸುಮ್ಮನೆ ಬದಲಾಯಿಸಬಹುದು ಅಂದ್ರು, 2024ರಲ್ಲಿ ಎಷ್ಟು ಸಲನಾದ್ರೂ ಅಂತಾಯ್ತು. ಬದಲಾಯಿಸೋರು ಹೆಸರು ಹಾಕೋ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅಂತಾರೆ. ನಮ್ಮ ಐಟಿ ಹುಡುಗರು ನೋಟಿಸ್ ಪೀರಿಯಡ್ಡಲ್ಲಿ ಮೂರು ಆಫರ್ ಕೈಲಿಟ್ಕೊಂಡು ಆಡ್ತಾರಲ್ಲ, ಇದೂ ಹಂಗೇ.

ಇಷ್ಟು ದುಡ್ಡು ಹರಿದ ಮೇಲೆ ದೊಡ್ಡೋರೇ ಗೆಲ್ತಾರೆ ಅಂತ ತಾನೇ ಅನ್ಸೋದು? ಅಲ್ಲೇ ಮಜಾ ಇರೋದು. 2014ರಿಂದ 2023ರವರೆಗೆ ನಾಲ್ಕೇ ಟೀಮಿನ ಪ್ಲೇಆಫ್ ಇತ್ತು, ಹತ್ತು ಕಪ್ಪಲ್ಲಿ ಅಲಬಾಮಾ ಮೂರು, ಕ್ಲೆಮ್ಸನ್ ಎರಡು, ಜಾರ್ಜಿಯಾ ಎರಡು, ಮಿಕ್ಕಿದ್ದು ಓಹಾಯೋ ಸ್ಟೇಟ್, ಎಲ್‌ಎಸ್‌ಯು, ಮಿಷಿಗನ್ನಿಗೆ ಒಂದೊಂದು. ಆಗ ಅಲಬಾಮಾ ಬೆಂಚಲ್ಲಿ ಕೂತಿರೋ ಎರಡನೇ ನಂಬರ್ ಹುಡುಗ ಬೇರೆ ಕಡೆ ಇದ್ದಿದ್ರೆ ಹೀರೋ ಆಗ್ತಿದ್ದ, ಆದರೂ ಹೋಗೋಕೆ ದಾರಿ ಇರಲಿಲ್ಲ, ದುಡ್ಡೂ ಇರಲಿಲ್ಲ, ಕಾಯ್ತಾ ಕೂರ್ತಿದ್ದ. ಈಗ ಕೂರಲ್ಲ. ದೊಡ್ಡ ಮನೆ ಉಗ್ರಾಣದಲ್ಲಿ ಕೊಳೀತಿದ್ದ ಅಕ್ಕಿ ಊರಿಗೆಲ್ಲ ಹಂಚಿಹೋಯ್ತು.

ಇಂಡಿಯಾನಾ ನೋಡಿ. ಫುಟ್‌ಬಾಲಲ್ಲಿ ಸೋಲೋದಕ್ಕೇ ಹೆಸರುವಾಸಿ, ದೊಡ್ಡ ಟೀಮುಗಳಲ್ಲಿ ಸೋಲಿನ ಲೆಕ್ಕದಲ್ಲಿ ಮುಂಚೂಣಿ. ಕರ್ಟ್ ಸಿಗ್ನೆಟ್ಟಿ ಅನ್ನೋ ಕೋಚು 2024ರ ಸೀಜನ್ನಿಗೆ ಬಂದ್ರು, ತಾವು ಮುಂಚೆ ಇದ್ದ ಜೇಮ್ಸ್ ಮ್ಯಾಡಿಸನ್ ಅನ್ನೋ ಚಿಕ್ಕ ಸ್ಕೂಲಿಂದ ಹತ್ತಕ್ಕಿಂತ ಜಾಸ್ತಿ ಹುಡುಗರನ್ನ ಪೋರ್ಟಲ್ ಮೂಲಕ ಕಟ್ಕೊಂಡೇ ಬಂದ್ರು. ಮುಂದಿನ ವರ್ಷ ಕ್ಯಾಲ್‌ನಿಂದ ಫರ್ನಾಂಡೊ ಮೆಂಡೋಜಾ ಅನ್ನೋ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಟೀಮನ್ನ ಆಡಿಸೋನು) ಬಂದ, ವರ್ಷದ ಬೆಸ್ಟ್ ಆಟಗಾರನಿಗೆ ಕೊಡೋ ಹೈಸ್ಮನ್ ಪ್ರಶಸ್ತಿ ಹೊಡೆದ. 16 ಮ್ಯಾಚು, 16 ಗೆಲುವು. ನಮ್ಮ ಓಹಾಯೋ ಸ್ಟೇಟನ್ನ 13-10ರಲ್ಲಿ, ಅಲಬಾಮಾನ 38-3ರಲ್ಲಿ ಸೋಲಿಸಿ, 2026ರ ಜನವರಿ ಫೈನಲ್ಲಲ್ಲಿ ಮಯಾಮಿಯನ್ನ 27-21ರಲ್ಲಿ ಮುಗಿಸಿ ಕಪ್ಪು ತಗೊಂಡು ಹೋದ್ರು. ಇಂಡಿಯಾನಾ ಯೂನಿವರ್ಸಿಟಿ ಇರೋ ಬ್ಲೂಮಿಂಗ್ಟನ್ನಲ್ಲಿ ಓದಿದ ನಮ್ಮ ಆಫೀಸಿನ ಒಬ್ಬ ಹತ್ತು ವರ್ಷ ನಮ್ಮ ಕೈಲಿ ಬೈಸ್ಕೊಂಡಿದ್ದ, ಈಗ ದಿನಾ ಅದೇ ಕ್ರಿಮ್ಸನ್ ಬಣ್ಣದ ಹೂಡಿ ಹಾಕ್ಕೊಂಡು ಬರ್ತಾನೆ, ಒಗೀತಾನೋ ಇಲ್ವೋ ಗೊತ್ತಿಲ್ಲ.

ಇಂಡಿಯಾನಾ ಥರಾನೇ ಸೋಲ್ತಾ ಬಂದಿದ್ದ ವ್ಯಾಂಡರ್‌ಬಿಲ್ಟ್ 2024ರ ಅಕ್ಟೋಬರಲ್ಲಿ ಅಲಬಾಮಾನ 40-35ಕ್ಕೆ ಸೋಲಿಸಿದಾಗ ಜನ ಗೋಲ್‌ಪೋಸ್ಟ್ ಕಿತ್ತು ಊರೆಲ್ಲ ಮೆರವಣಿಗೆ ಮಾಡಿ ಕಂಬರ್‌ಲ್ಯಾಂಡ್ ಹೊಳೆಗೆ ಎಸೆದ್ರು. ನಮ್ಮಲ್ಲಿ ಗಣಪತಿ ಬಿಟ್ಟಂಗೆ. ಟೆಕ್ಸಸ್ ಟೆಕ್‌ಗೆ ಕೋಡಿ ಕ್ಯಾಂಪ್‌ಬೆಲ್ ಅನ್ನೋ ತೈಲದ ಸಾಹುಕಾರರು ದುಡ್ಡು ಸುರಿದ್ರು, 2025ರಲ್ಲಿ ಬಿಗ್ 12 ಕಪ್ಪು ಬಂತು, ಪ್ಲೇಆಫಲ್ಲಿ ಮಾತ್ರ ಒರೆಗಾನ್ ಕೈಲಿ 23-0, ಒಂದು ಪಾಯಿಂಟೂ ಇಲ್ಲ.

ಇದನ್ನೆಲ್ಲ ನೋಡಿ ಸಮಾನತೆ ಬಂತು ಅಂತ ಟಿವೀಲಿ ಹೇಳ್ತಾರೆ. ನಾನು ಒಪ್ಪಲ್ಲ. ಮೇಲಿನ ಅಟ್ಟದಲ್ಲಿ ಕೂತಿರೋರ ನಡುವೆ ಜಾಗ ಬದಲಾಗ್ತಿದೆ ಅಷ್ಟೇ, ಅಟ್ಟಕ್ಕೆ ಹತ್ತೋ ಏಣಿನ ಎಳ್ಕೊಂಡ್ಬಿಟ್ಟಿದ್ದಾರೆ. ಇಂಡಿಯಾನಾ ಬಡವ ಅಲ್ಲ, ಬಿಗ್ ಟೆನ್ ದುಡ್ಡು ತಿಂತಿದ್ದ ಸೋಮಾರಿ, ಈಗ ಎದ್ದ. ವ್ಯಾಂಡರ್‌ಬಿಲ್ಟೂ ಅಷ್ಟೇ, ಎಸ್ಇಸಿ ಒಳಗಿನ ಕೂಸು. ಹೊರಗಿನೋರ ಗತಿ 2025ರ ಪ್ಲೇಆಫಲ್ಲಿ ಗೊತ್ತಾಯ್ತು. 12 ಟೀಮಲ್ಲಿ ಚಿಕ್ಕ ಕಾನ್ಫರೆನ್ಸಿನ ಎರಡು ಒಳಗೆ ಬಂದ್ವು, ಅದೇ ಜೇಮ್ಸ್ ಮ್ಯಾಡಿಸನ್ ಮತ್ತೆ ಟುಲೇನ್. ಮೊದಲನೇ ರೌಂಡಿಗೆ ಇಬ್ಬರೂ ಮನೆಗೆ. ಅದಕ್ಕಿಂತ ಬೇಜಾರಿನ ವಿಷಯ, ಪ್ಲೇಆಫ್ ಆಡೋ ಮುಂಚೆನೇ ಒಬ್ಬರ ಕೋಚನ್ನ ಯುಸಿಎಲ್ಎ, ಇನ್ನೊಬ್ಬರ ಕೋಚನ್ನ ಫ್ಲೋರಿಡಾ ಬುಕ್ ಮಾಡಿ ಇಟ್ಕೊಂಡಿದ್ವು. ಚೆನ್ನಾಗಿ ಆಡಿದ ಹುಡುಗರನ್ನೂ ದೊಡ್ಡೋರೇ ಎತ್ತಾಕ್ಕೊಂಡು ಹೋಗ್ತಾರೆ. ಸಸಿ ಬೆಳೆಸೋದು ಇವರು, ಫಸಲು ಅವರದ್ದು. 2026ರಿಂದ ಪ್ಲೇಆಫ್ ದುಡ್ಡು ಹಂಚೋ ಲೆಕ್ಕದಲ್ಲೂ ಬಿಗ್ ಟೆನ್, ಎಸ್ಇಸಿ ಎರಡಕ್ಕೇ ಅರ್ಧಕ್ಕಿಂತ ಜಾಸ್ತಿ ಪಾಲು.

ನಿಮಗೇನು ಇದರಿಂದ ಅಂದ್ರಾ? ಮಗನನ್ನೋ ಮಗಳನ್ನೋ ಅಂಡರ್‌ಗ್ರ್ಯಾಡಿಗೆ ಸೇರಿಸ್ತಿದ್ರೆ ಫೀಸ್ ಬಿಲ್ಲನ್ನ ಸಾಲು ಸಾಲಾಗಿ ಓದಿ. ಟಿವಿ ದುಡ್ಡು ಬರದ ಎಷ್ಟೋ ಸ್ಕೂಲುಗಳು ಟೀಮು ನಡೆಸೋಕೆ ಅಥ್ಲೆಟಿಕ್ಸ್ ಫೀ ಅಂತ ಪ್ರತಿ ವಿದ್ಯಾರ್ಥಿ ಹತ್ರ ವಸೂಲಿ ಮಾಡ್ತಾವೆ, ನಿಮ್ಮ ಮಗು ಸ್ಟೇಡಿಯಂ ಕಡೆ ತಲೆ ಹಾಕದೇ ಇದ್ರೂ. ದೊಡ್ಡ ಕಡೆ ಟಿಕೆಟ್ ಮೇಲೇ ಹಾಕ್ತಾರೆ, ಟೆನೆಸಿ ಅಂತೂ ಸೀಜನ್ ಟಿಕೆಟ್ ಮೇಲೆ 10 ಪರ್ಸೆಂಟ್ 'ಟ್ಯಾಲೆಂಟ್ ಫೀ' ಅಂತ ಹೆಸರಿಟ್ಟೇ ತಗೊಂಡ್ರು. ಇನ್ನೊಂದು, ಮಕ್ಕಳು ಟೆನಿಸ್ಸೋ ಈಜೋ ಆಡಿ ಕಾಲೇಜ್ ಟೀಮಿಗೆ ಸೆಲೆಕ್ಟ್ ಆದ್ರೆ ಸ್ಕಾಲರ್‌ಶಿಪ್ ಆರಾಮಾಗಿ ತಗೋಬಹುದು, ಆದರೆ ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಇದ್ದಾಗ ಎನ್ಐಎಲ್ ದುಡ್ಡು ಬೇರೆ ವಿಷಯ. ಆ ವೀಸಾದಲ್ಲಿ ಕೆಲಸ ಮಾಡೋಕೆ ಮಿತಿ ಇದೆ, ಯಾವುದೋ ಶೂ ಅಂಗಡಿ ಪರವಾಗಿ ಒಂದು ರೀಲ್ ಮಾಡಿ ದುಡ್ಡು ತಗೊಂಡ್ರೂ ಕೆಲಸ ಅಂತ ಲೆಕ್ಕಕ್ಕೆ ಬಂದು ಸ್ಟೇಟಸ್ಸಿಗೇ ಕುತ್ತು ಬರಬಹುದು. ಪಕ್ಕದ ಲಾಕರ್‌ನ ಅಮೆರಿಕದ ಹುಡುಗ ತಗೊಂಡ ಅಂತ ಇವರೂ ಸೈನ್ ಮಾಡೋದು ಬೇಡ, ಮೊದಲು ಇಂಟರ್‌ನ್ಯಾಷನಲ್ ಆಫೀಸು, ಆಮೇಲೆ ಇಮಿಗ್ರೇಷನ್ ಲಾಯರು. ಎಚ್-4ನಲ್ಲಿರೋ ಮಕ್ಕಳಿಗೂ ಇದೇ ಮಾತು.

ಅಂದಹಾಗೆ 2024ರ ಆ ಮ್ಯಾಚು ಏನಾಯ್ತು ಅಂತ ಹೇಳಲೇ ಇಲ್ಲ. ಓಹಾಯೋ ಸ್ಟೇಟು ಸುಮಾರು 2 ಕೋಟಿ ಡಾಲರಿನ ಟೀಮು ಕಟ್ಟಿತ್ತು, ರ‍್ಯಾಂಕೇ ಇಲ್ಲದ ಮಿಷಿಗನ್ ಬಂದು 13-10ಕ್ಕೆ ಸೋಲಿಸಿ ಹೋಯ್ತು. ಹಾಲಲ್ಲಿ ನಾವು ನಾಡಗೀತೆ ಹಾಡ್ತಿದ್ದಾಗ ಹಿಂದಿನ ಸಾಲಲ್ಲಿ ಮೊಬೈಲ್ ನೋಡ್ತಿದ್ದ ಮೂರು ಜನ ಹುಡುಗರು ಒಟ್ಟಿಗೇ ಅಯ್ಯೋ ಅಂದ್ರು. ಹಳೇ ನಾಲ್ಕು ಟೀಮಿನ ಕಾಲ ಆಗಿದ್ರೆ ಅಲ್ಲಿಗೆ ಬಹುಶಃ ಕಥೆ ಮುಗೀತಿತ್ತು, ಪ್ಲೇಆಫ್ 12 ಟೀಮಿಗೆ ಹಿಗ್ಗಿದ ಮೊದಲನೇ ವರ್ಷ ಆದ್ದರಿಂದ ಒಳಗೆ ಹೋಗಿ ಜನವರೀಲಿ ಕಪ್ಪೇ ಗೆದ್ಬಿಟ್ರು. ಆದರೂ ಪಕ್ಕದ ಮನೆ ಅಜ್ಜ ಇವತ್ತಿಗೂ ಕಪ್ಪಿನ ಮಾತಾಡಲ್ಲ, ಮಿಷಿಗನ್ ಕೈಲಿ ಸೋತ ಮಾತೇ ಆಡೋದು.

ಇನ್ನು ಕೊಲಂಬಸ್ಸಿನೋರಿಗೆ, 2026ರಲ್ಲಿ ಆ ಮ್ಯಾಚು ಮತ್ತೆ ನಮ್ಮೂರಲ್ಲೇ, ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ. ರಾಜ್ಯೋತ್ಸವ ಈ ಸಲ ಭಾನುವಾರ ಇಟ್ಕೊಳ್ಳೋಣ, ಬಾತು ನಾನೇ ತರ್ತೀನಿ.