ಮೆಡಿಕಲ್ ಅಂಗಡಿಯವನ ಮನೆಯ ಗುಳಿಗೆ ಡಬ್ಬಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ ಇದೆ. "ಅಣ್ಣಾ, ಒಂದು ಶಕ್ತಿ ಗುಳಿಗಿ ಕೊಡ್ರಿ" ಅಂತ ದಿನಾ ಯಾರಾದರೂ ಬರುತ್ತಾರೆ. ಏನಾಗಿದೆ ಅಂದರೆ "ಸುಸ್ತು ಭಾಳ ಅದರಿ" ಎನ್ನುತ್ತಾರೆ. ನನ್ನ ಬೆನ್ನ ಹಿಂದೆ ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಕೂದಲಿನ ಗುಳಿಗೆ, ಪ್ರೋಟೀನ್ ಡಬ್ಬಿ ಎಲ್ಲ ಇವೆ. ಅದನ್ನೊಮ್ಮೆ ನೋಡಿ, ನನ್ನ ಮುಖ ನೋಡಿ ಕೇಳುತ್ತಾರೆ, "ನೀವು ಯಾವುದು ತಗೋತೀರಿ?"

ನಾನು ತಗೊಳ್ಳೋದು ಎರಡೇ. ವಿಟಮಿನ್ ಬಿ12, ವಿಟಮಿನ್ ಡಿ. ಎರಡನ್ನೂ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಬರೆದುಕೊಟ್ಟ ಮೇಲೆ ಶುರು ಮಾಡಿದೆ.

ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಕಾಳು, ಸೊಪ್ಪು, ಹಣ್ಣು ಎಷ್ಟೇ ತಿಂದರೂ ಅದರಲ್ಲಿ ಬಿ12 ಸಿಗುವುದಿಲ್ಲ. ನಮ್ಮಂಥವರಿಗೆ ಹಾಲು, ಮೊಸರೇ ಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು. ಅಷ್ಟು ಸಿಗಬೇಕಾದರೆ ಹೆಚ್ಚುಕಮ್ಮಿ ಅರ್ಧ ಲೀಟರ್ ಹಾಲು ಹೊಟ್ಟೆಗೆ ಹೋಗಬೇಕು. ಚಹಾಕ್ಕೆ ಬೀಳುವ ನಾಲ್ಕು ಹನಿ ಯಾವ ಲೆಕ್ಕಕ್ಕೂ ಇಲ್ಲ. ಹಾಗಾದರೆ ಗುಳಿಗೆಯಲ್ಲಿ 500, 1500 ಮೈಕ್ರೋಗ್ರಾಂ ಯಾಕೆ ಇರುತ್ತೆ ಅಂತ ಓದಿಕೊಂಡವರು ಕೇಳುತ್ತಾರೆ. ಕರುಳು ಒಂದು ಸಲಕ್ಕೆ ಸರಿಯಾಗಿ ಹಿಡಿದುಕೊಳ್ಳುವುದು ಸುಮಾರು ಎರಡು ಮೈಕ್ರೋಗ್ರಾಂ ಮಾತ್ರ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ಹಾಗೇ ಸೋರಿ ಒಳಗೆ ಹೋಗುತ್ತದೆ. ಅದಕ್ಕೇ ಅಷ್ಟು ದೊಡ್ಡ ಅಂಕಿ.

ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಶುರುವಾಗಿ ಬಹಳ ವರ್ಷ ಆಯಿತು. ಆ ಗುಳಿಗೆ ತುಂಬಾ ಕಾಲ ನಡೆದರೆ ಬಿ12 ಇಳಿಯಬಹುದು. "ಕಾಲು ಜುಮ್ಮ ಅನ್ಲಾಕತ್ತಾವ" ಅಂತ ಅವ್ವ ಅಂದಾಗ ಎಲ್ಲರೂ ಸಕ್ಕರೆಯ ಕಡೆ ಬೆರಳು ತೋರಿಸಿದರು. ನಾನು ಬಿ12 ಕೂಡ ನೋಡಿಸಿದೆ. ಕಮ್ಮಿ ಇತ್ತು.

ವಿಟಮಿನ್ ಡಿ ಕಥೆ ಕೇಳಿದರೆ ಹೊರಗಿನವರು ನಗುತ್ತಾರೆ. ಮೇ ತಿಂಗಳಲ್ಲಿ 43 ಡಿಗ್ರಿ ಸುಡುವ ಊರಿನಲ್ಲಿ ಬಿಸಿಲಿನ ವಿಟಮಿನ್ ಕಮ್ಮಿಯಾ? ಆದರೆ ಬಿಸಿಲು ಇದ್ದಷ್ಟೂ ನಾವು ಅದರಿಂದ ಓಡುವವರು. ತಲೆಗೆ ಟವೆಲ್, ಮುಖಕ್ಕೆ ಓಡನಿ, ಹನ್ನೊಂದರ ಮೇಲೆ ಮನೆಯೊಳಗೆ. ನಾನಂತೂ ಬೆಳಿಗ್ಗೆಯಿಂದ ರಾತ್ರಿವರೆಗೆ ಟ್ಯೂಬ್‌ಲೈಟ್ ಕೆಳಗೆ. ವಾಕಿಂಗ್ ಹೋಗುತ್ತೀನಲ್ಲ ಅಂದರೆ, ಅದು ಸೂರ್ಯ ಹುಟ್ಟುವ ಹೊತ್ತು. ಡಿ ತಯಾರು ಮಾಡುವ ಕಿರಣ ಆಗ ಚರ್ಮಕ್ಕೆ ಮುಟ್ಟುವುದು ತೀರಾ ಕಮ್ಮಿ. ನಮ್ಮ ನೆರಳು ನಮಗಿಂತ ಗಿಡ್ಡ ಆಗುವಷ್ಟು ಸೂರ್ಯ ಮೇಲೇರಬೇಕು. ನನ್ನ ರಿಪೋರ್ಟಿನಲ್ಲಿ 14 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ.

ಡಾಕ್ಟರ್ 60,000 ಯೂನಿಟ್‌ನದ್ದು ವಾರಕ್ಕೊಂದರಂತೆ ಎಂಟು ವಾರ ಬರೆದರು. ಅದನ್ನು ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ತಗೊಂಡೆ. ಇದು ಜಿಡ್ಡಿನ ಜೊತೆ ಚೆನ್ನಾಗಿ ಹತ್ತುವ ವಿಟಮಿನ್. ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ) ತಿಂದ ಹೊಟ್ಟೆಗೆ ಬಿದ್ದರೆ ಒಳ್ಳೆಯದು. ಅಂಗಡಿಯಲ್ಲಿ ಈ ಔಷಧಿ ಕೊಡುವಾಗ ಸ್ಟ್ರಿಪ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ವಾರದ ಹೆಸರು ದಪ್ಪಗೆ ಬರೆದೇ ಕೊಡುತ್ತೇನೆ. ಯಾಕೆಂದರೆ ವಾರಕ್ಕೊಂದು ಅಂದದ್ದನ್ನು ದಿನಕ್ಕೊಂದು ನುಂಗಿದವರನ್ನು ನೋಡಿದ್ದೇನೆ. ಬಿ12 ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಮೈಯಲ್ಲೇ ಕೂಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ವಿಪರೀತ ಬಾಯಾರಿಕೆ, ಕೊನೆಗೆ ಕಿಡ್ನಿಗೇ ಪೆಟ್ಟು.

ಪ್ರೋಟೀನ್ ಪುಡಿ ಯಾಕೆ ತಗೊಳ್ಳಲ್ಲ? ಲೆಕ್ಕ ಹಾಕಿ ನೋಡಿದೆ, ಬೇಕಾಗಲಿಲ್ಲ, ಅಷ್ಟೇ. ದಿನಕ್ಕೆ ಬೇಕಾದ ಪ್ರೋಟೀನ್ ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ ನನ್ನ 70 ಕಿಲೋಗೆ 58 ಗ್ರಾಂ. ದಿನಕ್ಕೆ ಮೂರು ಜೋಳದ ರೊಟ್ಟಿಯಲ್ಲಿ ಹದಿನೈದು ಗ್ರಾಂ ಬಂತು. ಒಂದು ಹಿಡಿ ತೊಗರಿಬೇಳೆ, ಅಂದರೆ 60 ಗ್ರಾಂ ಬೇಯಿಸಿದರೆ ಹದಿಮೂರು. ಶೇಂಗಾ ಹಿಂಡಿ, ಮೊಳಕೆ ಹೆಸರುಕಾಳು ಸೇರಿ ಇನ್ನೊಂದು ಹದಿನಾಲ್ಕು. ಉಳಿದದ್ದು ಹಾಲು, ಮೊಸರಿನಲ್ಲಿ ತುಂಬಿತು. ಪ್ರೋಟೀನ್ ಕಟ್ಟುವ ಅಂಶಗಳಲ್ಲಿ ಒಂದಾದ ಲೈಸಿನ್ ಜೋಳದಲ್ಲಿ ಕಮ್ಮಿ, ಬೇಳೆಯಲ್ಲಿ ಅದು ಜಾಸ್ತಿ. ಬೇಳೆಯಲ್ಲಿ ಕಮ್ಮಿ ಇರುವ ಇನ್ನೊಂದು ಅಂಶ ಮೆಥಿಯೋನಿನ್ ಅನ್ನು ಜೋಳ ಕೊಡುತ್ತದೆ. ನಮ್ಮ ಅಜ್ಜಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ರೊಟ್ಟಿ-ಬ್ಯಾಳಿ ಮಾತ್ರ ತಟ್ಟೆಯಲ್ಲಿ ಜೊತೆಗೇ ಇತ್ತು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ (ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಬಂತು. ಆದರೂ ನಮ್ಮ ಮನೆಗಳಲ್ಲಿ ಬ್ಯಾಳಿ ತೆಳುವಾಗುತ್ತಾ ಬಂದಿದೆ, ಬೇಳೆಯ ರೇಟು ಅಂಥದ್ದು. ನಮ್ಮನೆಯಲ್ಲಿ ಮಾಡಿದ ದೊಡ್ಡ ಬದಲಾವಣೆ ಏನು ಅಂದರೆ ಬ್ಯಾಳಿ ಗಟ್ಟಿಯಾಗಿ ಮಾಡುವುದು.

ತಂಗಿಯ ಮಗ ಜಿಮ್ಮಿಗೆ ಹೋಗುತ್ತಾನೆ, ವ್ಹೇ ಪ್ರೋಟೀನ್ ಪುಡಿ ಕಲಸಿ ಕುಡಿಯುತ್ತಾನೆ. ಕುಡಿಯಲಿ, ಅದೂ ಹಾಲಿನದ್ದೇ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ, ಸೀಲ್ ಸರಿ ಇದೆಯಾ ನೋಡಿಕೋ ಅಂತ ಹೇಳಿದ್ದೇನೆ. ಬಿಲ್ ಇಲ್ಲದೆ ಅರ್ಧ ರೇಟಿಗೆ ಸಿಗುವ ಡಬ್ಬಿ ಬೇಡವೇ ಬೇಡ.

ಹೆಂಡತಿಗೆ ಹಿಮೋಗ್ಲೋಬಿನ್ ಕಮ್ಮಿ ಬಂದಾಗ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಎರಡನ್ನೂ ಬರೆದಿದ್ದರು. ಎರಡನ್ನೂ ಕೂಡಿಸಿ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಚಹಾ ಅಂತೂ ಇನ್ನೂ ಜಾಸ್ತಿ ಅಡ್ಡಿ. ಚಹಾ ಬಿಡು ಅಂದೆ. "ಚಾ ಬಿಡಂದ್ರ ನಾ ಬಿಡ್ತೀನಿ ಅಂತ ತಿಳ್ಕೊಂಡೀರೇನು?" ಅಂದಳು. ಕಲಬುರಗಿಯಲ್ಲಿ ಅದು ಆಗುವ ಮಾತೂ ಅಲ್ಲ. ಹಾಗಾಗಿ ಚಹಾ ಇದ್ದಲ್ಲೇ ಇತ್ತು, ಗುಳಿಗೆ ಜಾಗ ಬದಲಿಸಿತು. ಹನ್ನೊಂದಕ್ಕೆ ನಿಂಬೆ ಪಾನಕದ ಜೊತೆ ಕಬ್ಬಿಣ, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ. ಮಲ ಕಪ್ಪಾದರೆ ಹೆದರಬೇಡ ಅಂತ ಮೊದಲೇ ಹೇಳಿದ್ದೆ. ಥೈರಾಯ್ಡ್ ಗುಳಿಗೆ ತಗೊಳ್ಳುವವರು ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಅದರಿಂದ ನಾಲ್ಕು ತಾಸು ದೂರ ಇಡಬೇಕು. ಕೂದಲಿಗೆ ಅಂತ ಬಯೋಟಿನ್ ನುಂಗುವವರು ರಕ್ತ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಲ್ಲದು.

ವ್ಯಾಯಾಮ ಅಂದರೆ ಅಪ್ಪನ ಕೆರೆಯ ಸುತ್ತ ವಾಕಿಂಗ್. ಬೇಸಿಗೆಯಲ್ಲಿ ಐದಕ್ಕೇ ಹೊರಡಬೇಕು, ಏಳರ ಮೇಲೆ ನಡೆಯಲು ಆಗುವುದಿಲ್ಲ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಣ್ಣದ ಎನರ್ಜಿ ಡ್ರಿಂಕ್ ಮಾರುತ್ತೇನೆ, ಕುಡಿಯುವುದಿಲ್ಲ. ವಾರಕ್ಕೆ ಎರಡು ದಿನ ಮನೆಯಲ್ಲೇ ಬಸ್ಕಿ, ಜೋಳದ ಹಿಟ್ಟಿನ ಐದು ಕಿಲೋ ಚೀಲ ಎತ್ತಿ ಇಳಿಸುವುದು. ಎಲುಬಿಗೆ ಭಾರ ಬೀಳದಿದ್ದರೆ ಬರೀ ಕ್ಯಾಲ್ಸಿಯಂ ನುಂಗಿ ಏನು ಮಾಡುವುದು?

ಎಂಟು ವಾರದ ಕೋರ್ಸ್ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ಡಿ 30 ದಾಟಿತ್ತು, ಡಾಕ್ಟರ್ ತಿಂಗಳಿಗೊಂದಕ್ಕೆ ಇಳಿಸಿದರು. ಬಿ12 ಬಿಡುವ ಹಾಗಿಲ್ಲ, ನಮ್ಮ ಊಟ ಬದಲಾಗುವುದಿಲ್ಲವಲ್ಲ.

ಇನ್ನೊಂದು ಮಾತು, ಇದು ನಮ್ಮ ಊರಿಗೆ. ಗುಳಿಗೆ ಡಬ್ಬಿಯನ್ನು ಒಲೆಯ ಪಕ್ಕ, ಫ್ರಿಜ್ ತಲೆಯ ಮೇಲೆ, ಕಾರಿನಲ್ಲಿ ಇಡಬೇಡಿ. 30 ಡಿಗ್ರಿಗಿಂತ ಕೆಳಗೆ ಇಡಿ ಅಂತ ಲೇಬಲ್ ಮೇಲೆ ಬರೆದಿರುತ್ತಾರೆ, ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ ಎಷ್ಟಿರುತ್ತೆ ನೀವೇ ಹೇಳಿ. ನಮ್ಮ ಡಬ್ಬಿ ಒಳಕೋಣೆಯ ಶಹಾಬಾದ್ ಕಲ್ಲಿನ ಮಾಡದಲ್ಲಿದೆ. ಮೀನೆಣ್ಣೆಯ ಮೆತ್ತನೆ ಕ್ಯಾಪ್ಸೂಲ್ ಸೆಕೆಗೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆಮೇಲೆ ಅದನ್ನು ತಂದು ಬದಲಿ ಕೊಡ್ರಿ ಅಂದರೆ ನಾನೂ ಕೊಡುವುದಿಲ್ಲ.