ಬ್ಯಾಡಗಿ ಹಾಕಿದ ಟೆಕ್ಸಾಸ್ ಚಿಲಿ

ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಕೂತು ಚಿಲಿಗೆ, ಅಂದರೆ ಒಣ ಮೆಣಸು ಹಾಕಿ ಬೇಯಿಸುವ ಇಲ್ಲಿನ ದನದ ಮಾಂಸದ ಗಸಿಗೆ, ಬ್ಯಾಡಗಿ ಮೆಣಸು ಹಾಕ್ತೇನೆ ಅಂದಾಗ ನಗದೇ ಇದ್ದವರು ಕಡಿಮೆ. ಆಫೀಸಿನಲ್ಲಿ ಪಕ್ಕದ ಸೀಟಿನವನು ಅಜ್ಜನ ಕಾಲದಿಂದ ಇಲ್ಲಿಯವನೇ. "ಆಂಚೋ ಇಲ್ಲದಿದ್ದರೆ ಅದು ಚಿಲಿಯಲ್ಲ, ನಿಮ್ಮ ಕರಿ" ಎಂದ. ಆಂಚೋ ಅಂದರೆ ಮೆಕ್ಸಿಕೋದ ಒಂದು ಒಣ ಮೆಣಸು. ಅತ್ತ ಮಂಗಳೂರಿನಿಂದ ಅಮ್ಮ ಫೋನಿನಲ್ಲಿ, "ಕೊತ್ತಂಬರಿ ಇಲ್ಲ, ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ. ಅದೆಂಥ ಪದಾರ್ಥ ಮಗಾ?" ಎಂದರು. ಹೋದ ನವೆಂಬರಿನಲ್ಲಿ ಆಫೀಸಿನ ಚಿಲಿ ಸ್ಪರ್ಧೆಗೆ ಹನ್ನೊಂದು ಪಾತ್ರೆ ಬಂದಿದ್ದವು. ಮೊದಲು ಖಾಲಿಯಾಗಿದ್ದು ನನ್ನದು. ಬಹುಮಾನ ಮಾತ್ರ ಎರಡನೆಯದು. ಮೊದಲನೆಯದು ಬೀನ್ಸ್ ಹಾಕಿದ ಪಾತ್ರೆಗೆ ಹೋಯಿತು. ಟೆಕ್ಸಾಸಿನದೇ ಟೆರ್ಲಿಂಗ್ವಾ ಎಂಬ ಸಣ್ಣ ಊರಿನಲ್ಲಿ 1967ರಿಂದ ದೊಡ್ಡ ಚಿಲಿ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಬೀನ್ಸ್ ಕಂಡರೆ ಹೊರಗೆ ಹಾಕುತ್ತಾರೆ. ಇರಲಿ, ಬಿಡಿ.

ಮೊದಲ ವರ್ಷ ಪೂರ್ತಿ ನಷ್ಟ. ಡಬ್ಬಿಯ ಚಿಲಿ ಪುಡಿ, ಟೊಮೇಟೊ ಡಬ್ಬಿ ಹಾಕಿ ಮಾಡಿದೆ. ಸಿಹಿ ಸಾರು ಆಯಿತು. ಆಮೇಲೆ 'ಸ್ಟ್ಯೂ ಮೀಟ್' ಎಂದು ಕತ್ತರಿಸಿಟ್ಟ ಮಾಂಸ ತಂದೆ. ಕೊಬ್ಬೇ ಇಲ್ಲದ ತುಂಡುಗಳು. ಮೂರು ಗಂಟೆ ಬೇಯಿಸಿದರೂ ಬಾಯಲ್ಲಿ ಗರಗಸದ ಹೊಟ್ಟು. ಸಿಟ್ಟಿಗೆ ಕುಕ್ಕರಿನಲ್ಲಿ ಇಟ್ಟೆ, ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಮೂರನೇ ಸಲ ಮೆಣಸನ್ನು ನಮ್ಮ ಮಸಾಲೆಗೆ ಹುರಿದ ಹಾಗೆ ಚೆನ್ನಾಗಿ ಹುರಿದೆ. ಘಾಟಿಗೆ ಮಕ್ಕಳು ಹಿತ್ತಲಿಗೆ ಓಡಿದರು, ಹೊಗೆಯ ಅಲಾರಂ ಹೊಡೆಯಿತು. ಚಿಲಿ ಕಹಿ. ನಾಲ್ಕು ಪೌಂಡ್ ಮಾಂಸ ಸೀದಾ ಕಸಕ್ಕೆ, ಮೂವತ್ತು ಡಾಲರ್ ಹೋಯಿತು. ಎಲ್ಲ ಸೇರಿ ಆ ವರ್ಷ ಇನ್ನೂರೈವತ್ತರ ಹತ್ತಿರ ಹೋಗಿರಬೇಕು. ನನ್ನ ಹೆಂಡತಿ ಲೆಕ್ಕ ಇಟ್ಟಿದ್ದಾಳೆ, ಕೇಳುವ ಧೈರ್ಯ ಇಲ್ಲ.

ತಿರುವು ಸಿಕ್ಕಿದ್ದು ಇದೇ ಊರಿನ ಹಳೇ ಕಥೆಯಿಂದ. 1880ರ ದಶಕದಲ್ಲಿ ಇಲ್ಲಿನ ಮಿಲಿಟರಿ ಪ್ಲಾಜಾದಲ್ಲಿ ಮೆಕ್ಸಿಕನ್ ಹೆಂಗಸರು ರಾತ್ರಿ ಮೇಜು ಹಾಕಿ ಚಿಲಿ ಮಾರುತ್ತಿದ್ದರು. ಚಿಲಿ ಕ್ವೀನ್ಸ್ ಎಂದೇ ಅವರ ಹೆಸರು. ಡಬ್ಬಿಯ ಪುಡಿ ಬಂದಿದ್ದು 1890ರ ದಶಕದಲ್ಲಿ, ನ್ಯೂ ಬ್ರಾನ್‌ಫೆಲ್ಸ್‌ನ ವಿಲಿಯಂ ಗೆಬ್‌ಹಾರ್ಟ್ ಶುರು ಮಾಡಿದ ಮೇಲೆ. ಅಂದರೆ ಅದಕ್ಕೂ ಮುಂಚೆ ಮೆಣಸು ಅರೆದೇ ಮಾಡಬೇಕಿತ್ತು, ಅಲ್ವಾ? ಮೆಣಸು ಅರೆಯುವುದನ್ನು ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿಯವರು ಬಣ್ಣಕ್ಕೆ ಗ್ವಾಹಿಯೋ ಎಂಬ ಒಣ ಮೆಣಸು ಹಾಕುತ್ತಾರೆ. ಅದರ ಸಿಪ್ಪೆ ದಪ್ಪ, ಅರೆದ ಮೇಲೆ ಸೋಸಬೇಕು. ಬ್ಯಾಡಗಿಯದು ತೆಳು ಸಿಪ್ಪೆ. ಬಣ್ಣ ಜಾಸ್ತಿ, ಖಾರ ಕಮ್ಮಿ. ಇಂಡಿಯನ್ ಅಂಗಡಿಯಲ್ಲಿ ಇನ್ನೂರು ಗ್ರಾಂ ಪ್ಯಾಕೆಟಿಗೆ ನಾಲ್ಕೈದು ಡಾಲರ್. ನಾಲ್ಕು ಪೌಂಡ್ ಮಾಂಸಕ್ಕೆ ಸುಮಾರು ಮೂವತ್ತು ಮೆಣಸು. ಬೀಜ ಉದುರಿಸಿ, ತವಾದ ಮೇಲೆ ಒಂದೊಂದು ಬದಿಗೆ ಹತ್ತು ಸೆಕೆಂಡು, ಪರಿಮಳ ಬಂದ ಕೂಡಲೇ ತೆಗೆದುಬಿಡಬೇಕು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ಅರೆಯುವುದು. ನೆನೆಸಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಚೆಲ್ಲಿ.

ಖಾರಕ್ಕೆ ಗುಂಟೂರು ನಾಲ್ಕು. ಇನ್ನು ಆಂಚೋ. ಅದನ್ನು ಪೂರ್ತಿ ಬಿಟ್ಟೂ ಮಾಡಿದ್ದೇನೆ. ಬಣ್ಣ ಬಂತು, ಒಣದ್ರಾಕ್ಷಿಯಂಥ ಆ ಸಿಹಿ ಬರಲಿಲ್ಲ. ಹಾಗಾಗಿ ಎರಡು ಆಂಚೋ ಹಾಕುತ್ತೇನೆ. ಪಕ್ಕದ ಸೀಟಿನವನಿಗೆ ಇದು ಗೊತ್ತಿಲ್ಲ.

ಮಾಂಸ ಚಕ್ ರೋಸ್ಟ್, ಅಂದರೆ ಭುಜದ ಕಡೆಯದು. ಕೊಬ್ಬಿನ ಬಿಳಿ ಗೆರೆ ಜಾಸ್ತಿ ಇರುವುದನ್ನೇ ಆರಿಸಿ. ಮೂರು ವರ್ಷದ ಹಿಂದೆ ಪೌಂಡಿಗೆ ಆರು ಡಾಲರ್ ಇತ್ತು, ಈಗ ಎಂಟು ದಾಟಿದೆ. ಮುಕ್ಕಾಲು ಇಂಚಿನ ತುಂಡು ಮಾಡಿ, ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಹಾಕಿ ಕೆಂಪಗೆ ಮಾಡುವುದು. ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೆಂದುಹೋಗುತ್ತದೆ.

ಜನ ಅನುಮಾನಪಟ್ಟಿದ್ದು ಮುಂದಿನ ಹಂತಕ್ಕೆ. ಇಲ್ಲಿ ಹಲವರು ಅರೆದದ್ದನ್ನು ನೇರ ನೀರಿಗೆ ಸೇರಿಸುತ್ತಾರೆ. ನಾನು ನಮ್ಮೂರ ಮಾಂಸದ ಸುಕ್ಕಕ್ಕೆ ಮಾಡುವ ಹಾಗೆ ಅದೇ ಕೊಬ್ಬಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಮೆಣಸಿನ ಅರಪ್ಪು ಹಾಕಿ, ಎಣ್ಣೆ ಬಿಡುವವರೆಗೆ ಕೈಯಾಡಿಸುತ್ತೇನೆ. ಹದಿನೈದು ನಿಮಿಷ, ಕೆಲವು ಸಲ ಇಪ್ಪತ್ತು. ಹಸಿ ವಾಸನೆ ಹೋಗಬೇಕು, ಅಷ್ಟೇ. ಆಮೇಲೆ ಹುರಿದು ಪುಡಿ ಮಾಡಿದ ಜೀರಿಗೆ ಎರಡು ಚಮಚ. ಒಮ್ಮೆ ನಾಲ್ಕು ಹಾಕಿ ಜೀರಿಗೆ ಕಷಾಯ ಕುಡಿದ ಹಾಗಾಗಿತ್ತು. ಮಾಂಸ ಮುಳುಗುವಷ್ಟೇ ನೀರು, ಸಣ್ಣ ಉರಿ, ಎರಡೂವರೆ ಗಂಟೆ.

ಮಧ್ಯೆ ಬೇರೆ ಆಟಗಳೂ ಆದವು. ಮನೆಯ ಬಫಾತ್ ಪುಡಿ, ಅಂದರೆ ಮಂಗಳೂರಿನ ಮಾಂಸದ ಮಸಾಲೆ ಪುಡಿ, ಹಾಕಿ ನೋಡಿದೆ. ತುಂಬಾ ಚೆನ್ನಾಗಿತ್ತು, ಆದರೆ ಅದು ಬಫಾತ್. ಮಂದ ಮಾಡಲು ಕಾರ್ನ್‌ಫ್ಲೋರ್ ಕದಡಿ ಹಾಕಿದಾಗ ಗೋಬಿ ಮಂಚೂರಿಯ ಹೊಳಪು ಬಂತು. ರಾಗಿ ಹಿಟ್ಟು ಹಾಕಿದ್ದನ್ನು ನೋಡಿ ಮಗಳು ಸಿಮೆಂಟು ಎಂದಳು. ಕೊನೆಗೆ ಮಾಸಾ ಹರೀನಾ ಹಿಟ್ಟಿಗೇ ಬಂದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಮಾಡಿದ್ದು, ಅದರ ವಾಸನೆಯೇ ಬೇರೆ. ಎರಡು ಚಮಚ ಸಾಕು. ಇಳಿಸುವ ಹತ್ತು ನಿಮಿಷ ಮುಂಚೆ ಇನ್ನೊಂದು ಕಪ್ಪು ಸಾಮಾನು ಚಿಟಿಕೆಯಷ್ಟು ಹಾಕುತ್ತೇನೆ. ಮುಂದಿನ ನವೆಂಬರ್ ಮುಗಿದ ಮೇಲೆ ಅದೇನೆಂದು ಹೇಳುತ್ತೇನೆ.

ಅದೇ ದಿನ ತಿನ್ನಬೇಡಿ. ರಾತ್ರಿ ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿದರೆ ಮೆಣಸು, ಜೀರಿಗೆ ಬೇರೆ ಬೇರೆಯಾಗಿ ಬಾಯಿಗೆ ಸಿಗುವುದಿಲ್ಲ. ಅತಿಥಿಗಳಿಗೆ ಹಸಿ ಈರುಳ್ಳಿ, ಚೆಡ್ಡಾರ್ ಚೀಸ್, ಉಪ್ಪು ಬಿಸ್ಕತ್ತು. ಮಕ್ಕಳು ಫ್ರಿಟೋಸ್ ಎಂಬ ಮೆಕ್ಕೆಜೋಳದ ಚಿಪ್ಸ್ ಪ್ಯಾಕೆಟ್ ಸೀಳಿ ಅದರೊಳಗೇ ಸುರಿದುಕೊಳ್ಳುತ್ತಾರೆ. ನನಗೆ ನೀರ್‌ದೋಸೆ. ಹೋದ ತಿಂಗಳು ಪಕ್ಕದ ಸೀಟಿನವನು ಊಟಕ್ಕೆ ಬಂದಿದ್ದ. ಎಂಟು ನೀರ್‌ದೋಸೆ ಆದ ಮೇಲೆ ಕೈ ಒರೆಸಿಕೊಂಡು ಬ್ಯಾಡಗಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಒಂದು ಪ್ಯಾಕೆಟ್ ಕೊಟ್ಟು ಕಳಿಸಿದೆ. ಎಷ್ಟು ಹೊತ್ತು ಹುರಿಯಬೇಕು ಎಂದು ಮಾತ್ರ ಹೇಳಲಿಲ್ಲ.